ಗಾಳಿಯಲ್ಲಿನ ಅತ್ಯಲ್ಪ ಅಮೋನಿಯಾ ಅಳೆಯುವ ಬಗೆ: ಕೊಳವೆಯ ತುದಿಯಿಂದ ವರದಿಯ ಅಂಕಿಯವರೆಗೆ

ಅಮೋನಿಯಾ ಸಿಕ್ಕ ಸಿಕ್ಕ ಮೇಲ್ಮೈಗೆಲ್ಲ ಅಂಟಿಕೊಳ್ಳುವ ಅನಿಲ. ಓಝೋನ್‌ಗೋ ಕಾರ್ಬನ್ ಮಾನಾಕ್ಸೈಡ್‌ಗೋ ಹಾಕಿದ್ದ ಇನ್ಲೆಟ್ ಕೊಳವೆಯನ್ನೇ (ಹೊರಗಾಳಿಯನ್ನು ಉಪಕರಣಕ್ಕೆ ತರುವ ಕೊಳವೆ) ಇದಕ್ಕೂ ಸಿಕ್ಕಿಸಿದರೆ ಪರದೆಯ ಮೇಲೆ ಅಂಕಿ ಬರುತ್ತದೆ, ಚೆಂದದ ಗ್ರಾಫೂ ಬರುತ್ತದೆ. ಆದರೆ ಅದರಲ್ಲಿ ಕಾಣುವುದು ಬಹುಪಾಲು ಕೊಳವೆಯ ಗೋಡೆ ಇವತ್ತು ಎಷ್ಟು ಹಿಡಿದುಕೊಂಡಿತು, ಎಷ್ಟು ಬಿಟ್ಟುಕೊಟ್ಟಿತು ಎಂಬ ಲೆಕ್ಕ. ಹಾಗಾಗಿ ಲಕ್ಷಗಟ್ಟಲೆ ಬೆಲೆಯ ಅನಲೈಸರ್ ಇದ್ದರೂ ಅದರ ಮುಂದಿನ ಎರಡು ಮೀಟರ್ ಕೊಳವೆ ಸರಿಯಿಲ್ಲದಿದ್ದರೆ ಅಳತೆ ಲೆಕ್ಕಕ್ಕಿಲ್ಲ. ಈ ಬರಹದ ಹೆಚ್ಚಿನ ಭಾಗ ಆ ಎರಡು ಮೀಟರಿನ ಬಗ್ಗೆಯೇ.

ಅಳೆಯಬೇಕಾದ್ದು ಎಷ್ಟು

ದಡದಿಂದ ದೂರದ ಸಾಗರದ ಮೇಲೆ ಅಮೋನಿಯಾ 0.1 ಪಿಪಿಬಿಗಿಂತಲೂ (ಪಿಪಿಬಿ ಎಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದು ಭಾಗ) ಕಡಿಮೆ ಇರಬಹುದು. ಹೊಲಗದ್ದೆಗಳ ನಡುವೆ, ಊರುಗಳಲ್ಲಿ ಒಂದರಿಂದ ಹತ್ತಿಪ್ಪತ್ತು ಪಿಪಿಬಿ ಸಾಮಾನ್ಯ. ಯೂರಿಯಾ ಎರಚಿದ ಹೊಲದ ಅಂಚಿನಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಪಿಪಿಬಿ. ಮುಚ್ಚಿದ ಕೋಳಿ ಶೆಡ್ಡಿನ ಒಳಗೆ ಅಳತೆಯೇ ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕಕ್ಕೆ, ಏರುತ್ತದೆ. ಒಂದೇ ಉಪಕರಣ, ಒಂದೇ ಇನ್ಲೆಟ್ ಇಟ್ಟುಕೊಂಡು ಇವೆಲ್ಲವನ್ನೂ ಅಳೆಯಲು ಹೋಗಬೇಡಿ. ಶೆಡ್ಡಿನೊಳಗೆ ವಾರ ಕಳೆದ ಕೊಳವೆಯನ್ನು ಬೆಟ್ಟದ ಮೇಲೆ ಜೋಡಿಸಿದರೆ ಅದು ದಿನಗಟ್ಟಲೆ ಶೆಡ್ಡಿನ ಅಮೋನಿಯಾವನ್ನೇ ಉಸಿರುತ್ತಿರುತ್ತದೆ.

ಏಕಮಾನದ ಲೆಕ್ಕ ಮೊದಲೇ ಗಟ್ಟಿ ಮಾಡಿಕೊಳ್ಳಿ. 25 ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ವಾಯುಮಂಡಲದ ಒತ್ತಡದಲ್ಲಿ 1 ಪಿಪಿಬಿ ಅಮೋನಿಯಾ ಎಂದರೆ ಘನ ಮೀಟರಿಗೆ 0.70 ಮೈಕ್ರೋಗ್ರಾಂ. ಸೊನ್ನೆ ಡಿಗ್ರಿಯಲ್ಲಿ ಅದೇ 1 ಪಿಪಿಬಿ 0.76 ಮೈಕ್ರೋಗ್ರಾಂ ಆಗುತ್ತದೆ. ಇನ್ನು ನೀರಾವಿಯನ್ನು ನೋಡಿ: ಸಾಧಾರಣ ತೇವದ ಗಾಳಿಯಲ್ಲಿ ಅದರ ಪಾಲು ಶೇಕಡಾ 2. ಅಂದರೆ 1 ಪಿಪಿಬಿ ಅಮೋನಿಯಾದ ಎರಡು ಕೋಟಿ ಪಟ್ಟು ನೀರು ಅದೇ ಗಾಳಿಯಲ್ಲಿದೆ. ಮುಂದೆ ಬರುವ ತೊಡಕುಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲೇ.

ಉಪಕರಣದ ಆಯ್ಕೆ

ಅಗ್ಗದ ಸೆನ್ಸರುಗಳ ವಿಷಯ ಮೊದಲು ಮುಗಿಸೋಣ. ಎಂಕ್ಯೂ-137 ಎಂಬ ಲೋಹದ ಆಕ್ಸೈಡ್ ಸೆನ್ಸರಿನ ಅಳತೆಯ ವ್ಯಾಪ್ತಿ ಶುರುವಾಗುವುದೇ 5 ಪಿಪಿಎಂನಿಂದ, ಅಂದರೆ 5000 ಪಿಪಿಬಿಯಿಂದ. ಎಂಕ್ಯೂ-135 ಇನ್ನೂ ಮೇಲೆ, 10 ಪಿಪಿಎಂನಿಂದ. ಎಲೆಕ್ಟ್ರೋಕೆಮಿಕಲ್ ಸೆನ್ಸರುಗಳು ಶೀತಲಗೃಹದ ಸೋರಿಕೆ ಎಚ್ಚರಿಕೆಗೆ, ಶೆಡ್ಡಿನೊಳಗಿನ ಅಳತೆಗೆ ಒಗ್ಗುತ್ತವೆ. ಹೊರಗಿನ ಗಾಳಿಗೆ ಇವು ಯಾವುವೂ ಬೇಡ. ಇವು ತೋರಿಸುವ ಏರಿಳಿತ ಬಹುಮಟ್ಟಿಗೆ ತೇವದ್ದು ಮತ್ತು ಉಷ್ಣಾಂಶದ್ದು.

ಕೆಮಿಲ್ಯೂಮಿನಿಸೆನ್ಸ್ ಉಪಕರಣ ಅಮೋನಿಯಾವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯನ್ನು ಸುಮಾರು 750 ಡಿಗ್ರಿಯ ಕನ್ವರ್ಟರ್ ಮೂಲಕ ಹಾಯಿಸಿ ಅಮೋನಿಯಾವನ್ನು ನೈಟ್ರಿಕ್ ಆಕ್ಸೈಡ್ ಮಾಡಿ ಒಟ್ಟು ಸಾರಜನಕ ಅಳೆಯುತ್ತದೆ, ಇನ್ನೊಂದು ದಾರಿಯಲ್ಲಿ ಬಂದ ನೈಟ್ರೋಜನ್ ಆಕ್ಸೈಡುಗಳನ್ನು ಅದರಿಂದ ಕಳೆಯುತ್ತದೆ. ವಾಹನ ದಟ್ಟಣೆಯ ರಸ್ತೆಯ ಪಕ್ಕ ನೈಟ್ರೋಜನ್ ಆಕ್ಸೈಡುಗಳು 60 ಪಿಪಿಬಿ ಇವೆ, ಎರಡೂ ದಾರಿಗಳಲ್ಲಿ ಶೇಕಡಾ 1ರ ತಪ್ಪು ಇದೆ ಎಂದುಕೊಳ್ಳಿ. ಕಳೆದು ಬಂದ ಉತ್ತರದಲ್ಲಿ ಸುಮಾರು 0.85 ಪಿಪಿಬಿ ಅನಿಶ್ಚಿತತೆ ಸೇರಿಕೊಂಡಿತು. ಅಲ್ಲಿ ಅಮೋನಿಯಾ ಇರುವುದೇ 2 ಪಿಪಿಬಿ ಆದರೆ ಆ ಅಂಕಿಯಿಂದ ಏನು ಹೇಳಲು ಸಾಧ್ಯ? ಅಮೋನಿಯಾದ ಹತ್ತಿರದ ಸಂಯುಕ್ತಗಳಾದ ಅಮೀನುಗಳೂ ಅದೇ ಕನ್ವರ್ಟರಿನಲ್ಲಿ ಅಮೋನಿಯಾದ ವೇಷದಲ್ಲಿ ಬರುತ್ತವೆ. ಸಾಂದ್ರತೆ ಹೆಚ್ಚಿರುವ ಜಾಗಕ್ಕೆ ಇದು ಸಾಕು, ಸ್ವಚ್ಛ ಜಾಗಕ್ಕೆ ಸಾಲದು.

ಪಿಪಿಬಿಯ ಭಾಗಗಳನ್ನು ನಂಬಿಕೆಯಿಂದ ಹೇಳಬಲ್ಲವು ಲೇಸರ್ ಉಪಕರಣಗಳು. ಕ್ಯಾವಿಟಿ ರಿಂಗ್‌ಡೌನ್ ಉಪಕರಣ 1.53 ಮೈಕ್ರೋಮೀಟರಿನ ಸುಮಾರಿನಲ್ಲಿ, ಕನ್ನಡಿಗಳ ನಡುವೆ ಬೆಳಕನ್ನು ಕಿಲೋಮೀಟರುಗಟ್ಟಲೆ ಓಡಿಸಿ, ಅದು ಎಷ್ಟು ಬೇಗ ಆರುತ್ತದೆ ಎಂದು ಅಳೆಯುತ್ತದೆ. ಕ್ವಾಂಟಂ ಕ್ಯಾಸ್ಕೇಡ್ ಲೇಸರ್ 10.3 ಮೈಕ್ರೋಮೀಟರಿನ ಹತ್ತಿರ, ಅಮೋನಿಯಾ ತುಂಬ ಬಲವಾಗಿ ಬೆಳಕು ಹೀರುವ ಕಡೆ ಕೆಲಸ ಮಾಡುತ್ತದೆ. ಸೆಕೆಂಡಿಗೆ ಹತ್ತು ಅಳತೆ ಬೇಕಾದ ಫ್ಲಕ್ಸ್ ಕೆಲಸಕ್ಕೆ (ನೆಲ ಮತ್ತು ಗಾಳಿಯ ನಡುವೆ ಎಷ್ಟು ಅಮೋನಿಯಾ ಸಾಗುತ್ತದೆ ಎಂದು ಅಳೆಯಲು) ಇದೇ ಬೇಕು. ಓಪನ್ ಪಾತ್ ಮಾದರಿಗಳಿಗೆ ಕೊಳವೆಯೇ ಇಲ್ಲ, ಹಾಗಾಗಿ ಅಂಟುವ ತಕರಾರೂ ಇಲ್ಲ. ಆದರೆ ಮಂಜು, ಮಳೆಹನಿ, ಕನ್ನಡಿಯ ಮೇಲಿನ ಧೂಳು ಅವುಗಳ ಶತ್ರು, ಮತ್ತು ಹೊರಗೆ ತೆರೆದಿಟ್ಟ ಬೆಳಕಿನ ದಾರಿಗೆ ಸ್ಟ್ಯಾಂಡರ್ಡ್ ಅನಿಲ (ಅಮೋನಿಯಾ ಎಷ್ಟಿದೆ ಎಂದು ಮೊದಲೇ ಗೊತ್ತಿರುವ, ಉಪಕರಣ ಪರೀಕ್ಷಿಸುವ ಅನಿಲ) ಕೊಡುವುದು ಬಲು ಕಷ್ಟ.

ಸಮಯದ ಸೂಕ್ಷ್ಮತೆ ಬೇಡ, ತಿಂಗಳ ಸರಾಸರಿ ಸಾಕು, ಆದರೆ ಹತ್ತಾರು ಜಾಗ ಬೇಕು ಎನ್ನುವವರಿಗೆ ಇವೆಲ್ಲಕ್ಕಿಂತ ಪ್ಯಾಸಿವ್ ಸ್ಯಾಂಪ್ಲರ್ ಒಳ್ಳೆಯದು. ಅದರ ವಿಷಯ ಮುಂದೆ ಇದೆ.

ಇನ್ಲೆಟ್

ವಸ್ತು: ಪಿಎಫ್‌ಎ ಅಥವಾ ಪಿಟಿಎಫ್‌ಇ (ಎರಡೂ ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಕೊಳವೆ. ಲೋಹ ಅನಿವಾರ್ಯವಾದ ಕಡೆ ಸಿಲಿಕಾ ಲೇಪನ ಮಾಡಿದ ಸ್ಟೀಲ್. ಲೇಪನವಿಲ್ಲದ ಸ್ಟೇನ್‌ಲೆಸ್ ಸ್ಟೀಲ್ ಅಮೋನಿಯಾವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿತ್ತಾಳೆ, ತಾಮ್ರ ಸುತರಾಂ ಬೇಡ. ಅವು ತೇವದ ಅಮೋನಿಯಾದಿಂದ ಸವೆಯುತ್ತವೆ ಕೂಡ. ನೈಲಾನ್, ರಬ್ಬರ್, ಸಿಲಿಕೋನ್ ಕೊಳವೆಗಳೂ ದೂರವಿರಲಿ. ಗಾಳಿ ಒಣಗಿಸಲೆಂದು ನೇಫಿಯಾನ್ ಡ್ರೈಯರ್ ಹಾಕುವವರಿದ್ದಾರೆ. ನೇಫಿಯಾನಿನ ಮೈತುಂಬ ಸಲ್ಫೋನಿಕ್ ಆಮ್ಲದ ಗುಂಪುಗಳಿವೆ, ಅಮೋನಿಯಾ ಪ್ರತ್ಯಾಮ್ಲ; ಡ್ರೈಯರಿನಿಂದಾಚೆ ಬರುವ ಗಾಳಿಯಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ.

ಉದ್ದ ಮತ್ತು ಹರಿವು: ಅನಲೈಸರನ್ನು ಗೋಡೆಗೆ ಒತ್ತಿ ಇಡಿ, ಕೊಳವೆ 2 ಮೀಟರಿನೊಳಗೆ ಮುಗಿಯಲಿ. ಹೆಚ್ಚೆಂದರೆ 3. ಅನಲೈಸರ್ ತಾನಾಗಿ ಎಳೆಯುವುದು ನಿಮಿಷಕ್ಕೆ ಒಂದೆರಡು ಲೀಟರ್ ಮಾತ್ರ, ಅದು ಸಾಲದು. 4 ಮಿಲಿಮೀಟರ್ ಒಳವ್ಯಾಸದ 3 ಮೀಟರ್ ಕೊಳವೆಯ ಒಳಗಾತ್ರ ಸುಮಾರು 38 ಮಿಲಿಲೀಟರ್. ನಿಮಿಷಕ್ಕೆ 1 ಲೀಟರ್ ಹರಿದರೆ ಗಾಳಿ ಕೊಳವೆಯಲ್ಲಿ 2.3 ಸೆಕೆಂಡ್ ಕಳೆಯುತ್ತದೆ, 10 ಲೀಟರ್ ಹರಿದರೆ 0.23 ಸೆಕೆಂಡ್. ಆದ್ದರಿಂದ ಅನಲೈಸರಿಗೆ ತೀರ ಸಮೀಪದಲ್ಲಿ ಒಂದು ಟೀ ಜೋಡಣೆ ಹಾಕಿ, ಪಕ್ಕದ ಪಂಪಿನಿಂದ ಒಟ್ಟು ಹರಿವನ್ನು 10 ಲೀಟರಿಗೆ ಏರಿಸಿ. ಹರಿವು ಹೆಚ್ಚಿದಂತೆ ಗೋಡೆಗೆ ಹೆಚ್ಚು ಅಮೋನಿಯಾ ತಲುಪುತ್ತದೆ, ಗೋಡೆ ಬೇಗ ಸಮತೋಲಕ್ಕೆ ಬರುತ್ತದೆ. ಉಪಕರಣ ಕೊಳ್ಳುವ ಪಟ್ಟಿಯಲ್ಲಿ ಈ ಎರಡನೇ ಪಂಪನ್ನು ಬಿಟ್ಟುಬಿಡುವುದು ತೀರಾ ಸಾಮಾನ್ಯ.

ಬಿಸಿ: ಕೊಳವೆಯನ್ನು ತುದಿಯಿಂದ ಅನಲೈಸರಿನ ಬೆನ್ನಿನವರೆಗೆ 40ರಿಂದ 50 ಡಿಗ್ರಿಯಲ್ಲಿ ಇಡಿ. ಹೀಟಿಂಗ್ ಟೇಪ್ ಸುತ್ತಿ, ಮೇಲೆ ಫೋಮ್ ಹೊದಿಕೆ. ಫಿಟ್ಟಿಂಗುಗಳು, ಫಿಲ್ಟರ್ ಹೋಲ್ಡರ್, ಗೋಡೆಯ ತೂತಿನಲ್ಲಿ ಹಾಯುವ ತುಂಡು, ಯಾವುದೂ ತಣ್ಣಗೆ ಉಳಿಯಕೂಡದು. ಒಂದು ತಣ್ಣನೆಯ ಫಿಟ್ಟಿಂಗ್ ಇದ್ದರೆ ಉಳಿದೆಲ್ಲ ಬಿಸಿ ವ್ಯರ್ಥ. ಕಾರಣ ಸರಳ: ಹೊರಗೆ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 80 ಇದ್ದಾಗ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಉಪಕರಣ ಇರುವ ಕೋಣೆ 22 ಡಿಗ್ರಿಗೆ ತಂಪಾಗಿರುತ್ತದೆ. ಬಿಸಿ ಮಾಡದ ಕೊಳವೆಯ ಒಳಮೈಯಲ್ಲಿ ನೀರಿನ ಪೊರೆ ಕಟ್ಟುತ್ತದೆ, ಅಮೋನಿಯಾ ಅದರಲ್ಲಿ ಕರಗಿಹೋಗುತ್ತದೆ. ರಾತ್ರಿಯೆಲ್ಲ ಅಂಕಿ ನೆಲ ಕಚ್ಚಿರುತ್ತದೆ; ಏಸಿ ಆರಿದಾಗಲೋ ಗಾಳಿ ಒಣಗಿದಾಗಲೋ ಕರಗಿದ್ದೆಲ್ಲ ಒಮ್ಮೆಗೇ ಹೊರಬಂದು ದೊಡ್ಡ ಶಿಖರವಾಗಿ ಕಾಣುತ್ತದೆ. ಹಾಗೆಂದು 80 ಡಿಗ್ರಿಗೆ ಏರಿಸಬೇಡಿ. ಗಾಳಿಯಲ್ಲಿ ತೇಲುವ ಅಮೋನಿಯಂ ನೈಟ್ರೇಟ್ ಕಣಗಳು ಬಿಸಿಗೆ ಒಡೆದು ಅಮೋನಿಯಾ ಮತ್ತು ನೈಟ್ರಿಕ್ ಆಮ್ಲದ ಆವಿಯಾಗುತ್ತವೆ. ಆಗ ನೀವು ಅಳೆಯುತ್ತಿರುವುದು ಅನಿಲದ ಜೊತೆಗೆ ಕಣಗಳನ್ನೂ.

ಫಿಲ್ಟರ್: ಇಲ್ಲಿ ಪೂರ್ಣ ಸರಿಯಾದ ಉತ್ತರವಿಲ್ಲ. ಫಿಲ್ಟರ್ ಇಲ್ಲದಿದ್ದರೆ ಧೂಳು ಕನ್ನಡಿಗಳ ಮೇಲೆ ಕೂತು ಉಪಕರಣ ಹಾಳಾಗುತ್ತದೆ. ಇದ್ದರೆ, ಅದರ ಮೇಲೆ ಕೂತ ನೈಟ್ರೇಟ್ ಮಧ್ಯಾಹ್ನದ ಬಿಸಿಗೆ ಅಮೋನಿಯಾ ಬಿಡುತ್ತದೆ, ಆಮ್ಲೀಯ ಸಲ್ಫೇಟ್ ಅಮೋನಿಯಾವನ್ನು ನುಂಗುತ್ತದೆ. 1ರಿಂದ 2 ಮೈಕ್ರೋಮೀಟರ್ ರಂಧ್ರದ ಪಿಟಿಎಫ್‌ಇ ಫಿಲ್ಟರನ್ನು ಪಿಎಫ್‌ಎ ಹೋಲ್ಡರಿನಲ್ಲಿ ಹಾಕಿ, ವಾರಕ್ಕೊಮ್ಮೆ ಬದಲಿಸಿ; ಧೂಳು, ಹೊಗೆ ಹೆಚ್ಚಿದ್ದರೆ ಎರಡು ಮೂರು ದಿನಕ್ಕೊಮ್ಮೆ. ಬದಲಿಸಿದ ಕೂಡಲೇ ಅಂಕಿ ಜಿಗಿದರೆ ಅಥವಾ ಕುಸಿದರೆ ಹಳೆಯ ಫಿಲ್ಟರ್ ಅಷ್ಟು ಹೊತ್ತು ಸುಳ್ಳು ಹೇಳಿತ್ತು ಎಂದು ಅರ್ಥ. ಬದಲಾವಣೆಯ ಅವಧಿಯನ್ನು ಅರ್ಧಕ್ಕೆ ಇಳಿಸಿ. ಫ್ಲಕ್ಸ್ ಅಳೆಯುವವರು ಫಿಲ್ಟರ್ ಬಿಟ್ಟು, ಗಾಳಿಯನ್ನು ಥಟ್ಟನೆ ತಿರುಗಿಸಿ ಭಾರದ ಕಣಗಳನ್ನು ಹೊರಗೆಸೆಯುವ ಇನರ್ಶಿಯಲ್ ಇನ್ಲೆಟ್ ಬಳಸುತ್ತಾರೆ. ಫ್ಲೋರಿನ್ ಇರುವ ಅಮೀನಿನ ಆವಿಯನ್ನು ಹನಿಹನಿಯಾಗಿ ಬಿಟ್ಟು ಗೋಡೆಯ ಅಂಟುವ ಜಾಗಗಳನ್ನು ಮೊದಲೇ ತುಂಬಿಬಿಡುವ ಉಪಾಯವೂ ಇದೆ. ದುಬಾರಿ, ಎಲ್ಲರಿಗೂ ಅಗತ್ಯವಿಲ್ಲ.

ತುದಿ: ನೆಲದಿಂದ 2ರಿಂದ 3 ಮೀಟರ್ ಎತ್ತರ, ಬಾಯಿ ಕೆಳಮುಖ, ಮೇಲೆ ಪಿಟಿಎಫ್‌ಇ ಮಳೆ ಟೋಪಿ. ಟೋಪಿಯೊಳಗೆ ಜೇಡ ಬಲೆ ಕಟ್ಟುತ್ತದೆ, ಹಕ್ಕಿ ಕೂತು ಹಿಕ್ಕೆ ಹಾಕುತ್ತದೆ. ಹಿಕ್ಕೆಯ ಯೂರಿಕ್ ಆಮ್ಲ ಕೊಳೆತರೆ ಅಮೋನಿಯಾ. ಒಂದೇ ಒಂದು ಹಿಕ್ಕೆ ಇಡೀ ತಿಂಗಳ ದತ್ತಾಂಶ ಕೆಡಿಸಬಲ್ಲದು, ಆದ್ದರಿಂದ ಟೋಪಿಯ ಮೇಲೆ ಮುಳ್ಳುಕಂಬಿ ನೆಡಿ. ಶೌಚಾಲಯದ ಗಾಳಿಗಿಂಡಿ, ಕಸದ ತೊಟ್ಟಿ, ವಾಹನ ನಿಲ್ಲುವ ಜಾಗ ಹತ್ತಿರ ಇರಬಾರದು. ಮೂರು ದಾರಿಯ ಕ್ಯಾಟಲಿಸ್ಟ್ ಇರುವ ಪೆಟ್ರೋಲ್ ಕಾರುಗಳೂ ಅಮೋನಿಯಾ ಬಿಡುತ್ತವೆ.

ಹೊಸ ಕೊಳವೆಯ ಒಳಭಾಗವನ್ನು ಡಿಅಯನೈಸ್ಡ್ ನೀರಿನಿಂದ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಶುದ್ಧ ಗಾಳಿ ಹಾಯಿಸಿ ಒಣಗಿಸಿ. ಬರಿಗೈಯಿಂದ ತುದಿಗಳನ್ನು ಮುಟ್ಟಬೇಡಿ. ಜೋಡಿಸಿದ ಮೇಲೆ ಒಂದು ಪೂರ್ತಿ ದಿನ ಹೊರಗಾಳಿ ಹರಿಸಿ, ಆ ದಿನದ ಅಂಕಿಗಳನ್ನು ಬಿಟ್ಟುಬಿಡಿ.

ಸೋರಿಕೆ ಹುಡುಕಲು ಅಮೋನಿಯಾ ದ್ರಾವಣದ ಬಾಟಲಿ ತರುವುದು ಅವಿವೇಕ, ಕೋಣೆಯೇ ಕಲುಷಿತವಾಗುತ್ತದೆ. ನಿಮ್ಮ ಉಸಿರು ಸಾಕು. ಅನಲೈಸರ್ ನೀರಾವಿಯನ್ನೂ ತೋರಿಸುತ್ತಿದ್ದರೆ ಪ್ರತಿ ಫಿಟ್ಟಿಂಗಿನ ಹತ್ತಿರ ನಿಧಾನಕ್ಕೆ ಉಸಿರು ಬಿಡಿ: ಸೋರಿಕೆ ಇದ್ದ ಕಡೆ ನೀರಾವಿಯ ಅಂಕಿ ಸೆಕೆಂಡುಗಳಲ್ಲಿ ಮೇಲೇಳುತ್ತದೆ. ಅಮೋನಿಯಾದ ಅಂಕಿಯನ್ನು ನೋಡುತ್ತ ಕೂತರೆ ಗೋಡೆಗೆ ಅಂಟಿ ತಡವಾಗಿ ಬರುವುದರಿಂದ ಯಾವ ಫಿಟ್ಟಿಂಗ್ ಎಂದು ಗೊತ್ತಾಗುವುದಿಲ್ಲ. ಇನ್ಲೆಟ್ ತುದಿಯ ಬಳಿ ನಿಂತು ಮಾತಾಡುವುದೂ ಬೇಡ. ಮನುಷ್ಯರ ಉಸಿರಿನಲ್ಲಿ ಅಮೋನಿಯಾ ನೂರಾರು ಪಿಪಿಬಿ ಇರುತ್ತದೆ.

ಸೊನ್ನೆ ತೋರಿಸುವುದು

ಅಮೋನಿಯಾ ಇಲ್ಲದ ಗಾಳಿಗೆ ಉಪಕರಣ ಏನು ತೋರಿಸುತ್ತದೆ ಎಂದು ಗೊತ್ತಿಲ್ಲದೆ ಕಡಿಮೆ ಅಂಕಿಗಳಿಗೆ ಅರ್ಥವಿಲ್ಲ. ಇಲ್ಲಿ ಬಹುತೇಕರು ಒಣ ನೈಟ್ರೋಜನ್ ಸಿಲಿಂಡರ್ ಹಚ್ಚುತ್ತಾರೆ. ಒಣ ಅನಿಲಕ್ಕೆ ಗೋಡೆಯ ಮೇಲಿನ ನೀರು ಆರಿ ಗೋಡೆಯ ಸ್ವಭಾವವೇ ಬದಲಾಗುತ್ತದೆ. ಮತ್ತೆ ಹೊರಗಾಳಿಗೆ ತಿರುಗಿಸಿದೊಡನೆ ನೀರಿನ ಕಣಗಳು ಗೋಡೆಗೆ ನುಗ್ಗಿ ಅಲ್ಲಿದ್ದ ಅಮೋನಿಯಾವನ್ನು ತಳ್ಳುತ್ತವೆ, ಇಲ್ಲದ ಶಿಖರವೊಂದು ಹುಟ್ಟುತ್ತದೆ. ಜೊತೆಗೆ, ಲೇಸರ್ ಉಪಕರಣದಲ್ಲಿ ನೀರಿನ ರೇಖೆಗಳು ಅಮೋನಿಯಾದ ರೇಖೆಗಳ ಪಕ್ಕದಲ್ಲೇ ಇರುವುದರಿಂದ ಒಣ ಸೊನ್ನೆ ಮತ್ತು ತೇವದ ಸೊನ್ನೆ ಒಂದೇ ಅಲ್ಲ.

ಆದ್ದರಿಂದ ಹೊರಗಾಳಿಯಿಂದಲೇ ಅಮೋನಿಯಾವನ್ನು ಮಾತ್ರ ತೆಗೆಯಿರಿ. ಒಳಗೋಡೆಗೆ ಸಿಟ್ರಿಕ್ ಆಮ್ಲ ಸವರಿ ಅಮೋನಿಯಾ ಹಿಡಿಯುವ ಡಿನ್ಯೂಡರ್ ಕೊಳವೆ ಆಗುತ್ತದೆ, ಫಾಸ್ಫಾರಿಕ್ ಆಮ್ಲ ಹೀರಿಸಿದ ಸಿಲಿಕಾ ಜೆಲ್ ತುಂಬಿದ ಸ್ಕ್ರಬ್ಬರೂ ಆಗುತ್ತದೆ. ಸಿಲಿಕಾ ಜೆಲ್ ಮೊದಮೊದಲು ನೀರನ್ನೂ ಹೀರುತ್ತದೆ. ಅದರ ಮೂಲಕ ಸದಾ ಸ್ವಲ್ಪ ಗಾಳಿ ಹರಿಯುತ್ತಿದ್ದರೆ ಹೊರಗಿನ ತೇವಕ್ಕೆ ಹೊಂದಿಕೊಂಡಿರುತ್ತದೆ. ಸ್ಕ್ರಬ್ಬರ್ ಇನ್ನೂ ಬದುಕಿದೆಯೇ ಎಂದು ತಿಳಿಯಲು ಅದರ ಹಿಂದೆ ಇನ್ನೊಂದು ಹೊಸದನ್ನು ಸರಣಿಯಲ್ಲಿ ಸೇರಿಸಿ. ಅಂಕಿ ಇನ್ನಷ್ಟು ಇಳಿಯಿತೇ? ಹಾಗಿದ್ದರೆ ಮೊದಲನೆಯದನ್ನು ಎಸೆಯಿರಿ.

ಸೊನ್ನೆ ಗಾಳಿಯನ್ನು ಕೊಡಬೇಕಾದ್ದು ಕೊಳವೆಯ ಹೊರತುದಿಯಲ್ಲಿ, ಒಟ್ಟು ಹರಿವಿಗಿಂತ ಶೇಕಡಾ 20ರಷ್ಟು ಹೆಚ್ಚಾಗಿ, ಮಿಕ್ಕಿದ್ದು ತುದಿಯಿಂದ ಹೊರಚೆಲ್ಲುವಂತೆ. ಅನಲೈಸರಿನ ಬೆನ್ನಿಗೆ ನೇರವಾಗಿ ಕೊಟ್ಟರೆ ಕೊಳವೆಯ ಪರೀಕ್ಷೆಯೇ ಆಗಲಿಲ್ಲ. ಇದನ್ನು 24 ಗಂಟೆಗೊಮ್ಮೆ ಮಾಡುವ ಬದಲು 25 ಗಂಟೆಗೊಮ್ಮೆ 20 ನಿಮಿಷ ನಡೆಯುವಂತೆ ಟೈಮರ್ ಇಡಿ. ದಿನವೂ ಒಂದೇ ಹೊತ್ತಿನ ದತ್ತಾಂಶ ಕಳೆದುಕೊಳ್ಳುವುದು ತಪ್ಪುತ್ತದೆ. ತಿಂಗಳೊಳಗೆ ದಿನದ ಪ್ರತಿ ಗಂಟೆಯ ಸೊನ್ನೆಯೂ ಕೈಗೆ ಸಿಗುತ್ತದೆ. ಸೊನ್ನೆಯ ನಂತರದ ಅರ್ಧ ಗಂಟೆಯ ಅಂಕಿಗಳಿಗೆ ಗುರುತು ಹಾಕಿ ಪಕ್ಕಕ್ಕಿಡಿ.

ನೀರಾವಿಯ ಅಡ್ಡಪರಿಣಾಮವನ್ನು ಒಮ್ಮೆಯಾದರೂ ನಿಮ್ಮದೇ ಉಪಕರಣದಲ್ಲಿ ಅಳೆಯಿರಿ, ತಯಾರಕರ ತಿದ್ದುಪಡಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಶುದ್ಧ ಗಾಳಿಯ ಒಂದು ಭಾಗವನ್ನು ನೀರಿನ ಬಬ್ಲರ್ ಮೂಲಕ ಹಾಯಿಸಿ, ಇನ್ನೊಂದು ಒಣ ಭಾಗದ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ನೀರು ಶೇಕಡಾ 0.5ರಿಂದ 3ರವರೆಗೆ ಏರುವಾಗ ಅಮೋನಿಯಾದ ಅಂಕಿ ಹೇಗೆ ಸರಿಯುತ್ತದೆ ಎಂದು ಗ್ರಾಫ್ ಹಾಕಿ. ಬಬ್ಲರ್ ನೀರಿಗೆ ಎರಡು ಹನಿ ಫಾಸ್ಫಾರಿಕ್ ಆಮ್ಲ ಹಾಕಲು ಮರೆಯಬೇಡಿ. ಇಲ್ಲವಾದರೆ ನೀರೊಳಗಿನ ಅಮೋನಿಯಾವೇ ಮೇಲೆದ್ದು ಬರುತ್ತದೆ.

ಸ್ಟ್ಯಾಂಡರ್ಡ್ ಅನಿಲ

ಕೆಲವೇ ಪಿಪಿಬಿಯ ಅಮೋನಿಯಾ ಸಿಲಿಂಡರುಗಳಲ್ಲಿ ನಿಲ್ಲುವುದಿಲ್ಲ, ಗೋಡೆ ನುಂಗುತ್ತದೆ. 10 ಪಿಪಿಎಂನಷ್ಟು ಇರುವ ಸಿಲಿಂಡರ್ ತಂದು ನಾವೇ ಸಾವಿರ ಪಟ್ಟು ತೆಳು ಮಾಡಬಹುದು; ರೆಗ್ಯುಲೇಟರ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಐದಾರು ಸಲ ತುಂಬಿ ಖಾಲಿ ಮಾಡಿ, ಕೆಲವು ಗಂಟೆ ಹರಿಸಿದ ಮೇಲಷ್ಟೇ ಅಂಕಿ ನಂಬಿ. ಇದಕ್ಕಿಂತ ಪರ್ಮಿಯೇಶನ್ ಟ್ಯೂಬ್ ವಾಸಿ. ಒತ್ತಡದಲ್ಲಿ ದ್ರವವಾಗಿರುವ ಅಮೋನಿಯಾ ಟೆಫ್ಲಾನ್ ಗೋಡೆಯ ಮೂಲಕ ಸ್ಥಿರ ದರದಲ್ಲಿ ಹೊರಬರುವ ಪುಟ್ಟ ನಳಿಗೆ ಇದು. ದರ ಉಷ್ಣಾಂಶಕ್ಕೆ ತುಂಬ ಸೂಕ್ಷ್ಮ, ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಸುಮಾರು ಶೇಕಡಾ 10ರಷ್ಟು ಬದಲಾಗುತ್ತದೆ. ಆದ್ದರಿಂದ ಟ್ಯೂಬ್ ಇಡುವ ಓವನ್ 0.1 ಡಿಗ್ರಿಯೊಳಗೆ ನಿಂತಿರಬೇಕು.

ಲೆಕ್ಕ ಹೀಗೆ: ದರ ನಿಮಿಷಕ್ಕೆ 50 ನ್ಯಾನೊಗ್ರಾಂ, ತೆಳು ಮಾಡುವ ಗಾಳಿ ನಿಮಿಷಕ್ಕೆ 12 ಲೀಟರ್. 50ನ್ನು 12ರಿಂದ ಭಾಗಿಸಿದರೆ ಲೀಟರಿಗೆ 4.17 ನ್ಯಾನೊಗ್ರಾಂ, ಅಂದರೆ ಘನ ಮೀಟರಿಗೆ 4.17 ಮೈಕ್ರೋಗ್ರಾಂ. ಅದನ್ನು 24.45ರಿಂದ ಗುಣಿಸಿ 17.03ರಿಂದ ಭಾಗಿಸಿದರೆ 25 ಡಿಗ್ರಿಯಲ್ಲಿ 6.0 ಪಿಪಿಬಿ. ಇಲ್ಲೊಂದು ಗುಂಡಿ ಇದೆ. ಹರಿವನ್ನು ನಿಯಂತ್ರಿಸುವ ಮಾಸ್ ಫ್ಲೋ ಕಂಟ್ರೋಲರ್ ಹೇಳುವ ‘ಸ್ಟ್ಯಾಂಡರ್ಡ್ ಲೀಟರ್’ ಕೆಲವು ತಯಾರಕರಿಗೆ 0 ಡಿಗ್ರಿಯದು, ಕೆಲವರಿಗೆ 20 ಅಥವಾ 25 ಡಿಗ್ರಿಯದು. 0 ಮತ್ತು 25ರ ನಡುವಿನ ವ್ಯತ್ಯಾಸ ಶೇಕಡಾ 9. ಕೈಪಿಡಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ.

ಟ್ಯೂಬಿನ ದರವನ್ನು ತೂಕದಿಂದ ತಾಳೆ ನೋಡಬೇಕು. 50 ನ್ಯಾನೊಗ್ರಾಂ ದರದಲ್ಲಿ ದಿನಕ್ಕೆ 72 ಮೈಕ್ರೋಗ್ರಾಂ, 30 ದಿನಕ್ಕೆ 2.16 ಮಿಲಿಗ್ರಾಂ ಇಳಿಯುತ್ತದೆ. 0.1 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ಇದನ್ನು ತೂಗಿದರೆ ಶೇಕಡಾ 5ರಷ್ಟು ತಪ್ಪು ಅಲ್ಲೇ ಬಂತು, 0.01 ಮಿಲಿಗ್ರಾಂ ತಕ್ಕಡಿ ಬೇಕು. ಇನ್ನೊಂದು ದಾರಿ: ಓವನಿನಿಂದ ಬರುವ ಅನಿಲವನ್ನು 24 ಗಂಟೆ 20 ಮಿಲಿಲೀಟರ್ ದುರ್ಬಲ ಆಮ್ಲದಲ್ಲಿ ಗುಳ್ಳೆಯಾಗಿಸಿ. ಮಿಲಿಲೀಟರಿಗೆ 3.6 ಮೈಕ್ರೋಗ್ರಾಂ ಅಮೋನಿಯಾ ಸಿಗಬೇಕು, ದ್ರಾವಣದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಅಯಾನ್ ಕ್ರೊಮಟೋಗ್ರಾಫ್ ಇದನ್ನು ಸಲೀಸಾಗಿ ಓದುತ್ತದೆ. ತೂಕ ಮತ್ತು ರಸಾಯನ ಎರಡೂ ಹೊಂದಿದರೆ ನಿಶ್ಚಿಂತೆ. ಓವನಿನ ಹರಿವನ್ನು ಮಾತ್ರ ಎಂದೂ ನಿಲ್ಲಿಸಬೇಡಿ. ನಿಲ್ಲಿಸಿದರೆ ಅಮೋನಿಯಾ ಒಳಗೇ ತುಂಬಿಕೊಂಡು, ಮತ್ತೆ ಶುರು ಮಾಡಿದಾಗ ದಿನಗಟ್ಟಲೆ ಸರಿಹೋಗುವುದಿಲ್ಲ. ಬಳಸದಿರುವಾಗ ಹೊರಬರುವ ಅನಿಲವನ್ನು ಆಮ್ಲದ ಸ್ಕ್ರಬ್ಬರ್ ಮೂಲಕ ಹೊರಗೆ ಬಿಡಿ.

ಕೊಳವೆಯ ಪರೀಕ್ಷೆ

ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದು ಪರೀಕ್ಷೆಗೆ ಸಮಯವಿದೆ ಎಂದರೆ ಇದನ್ನು ಮಾಡಿ. ಇನ್ಲೆಟ್ ತುದಿಯಲ್ಲಿ ಹೊರಗಾಳಿಯಷ್ಟೇ ತೇವ ಇರುವ ಸ್ಟ್ಯಾಂಡರ್ಡ್ ಅನಿಲವನ್ನು ಅಂಕಿ ನಿಲ್ಲುವವರೆಗೆ ಕೊಡಿ, ಒಂದು ಗಂಟೆಯಾದರೂ ಬೇಕು. ಆಮೇಲೆ ಒಂದೇ ಏಟಿಗೆ ಸೊನ್ನೆ ಗಾಳಿಗೆ ತಿರುಗಿಸಿ, ಸೆಕೆಂಡಿಗೊಂದು ಅಂಕಿ ದಾಖಲಿಸಿ. ಕೊನೆಯಲ್ಲಿ ನಿಂತ ಸೊನ್ನೆಯ ಮಟ್ಟವನ್ನು ಎಲ್ಲದರಿಂದ ಕಳೆದು, ಉಳಿದದ್ದರ ಲಾಗರಿದಮ್ ಅನ್ನು ಸಮಯದ ಎದುರು ಬಿಡಿಸಿ. ಎರಡು ಇಳಿಜಾರು ಕಾಣುತ್ತವೆ. ಮೊದಲನೆಯದು ಕಡಿದಾದದ್ದು, ಕೆಲವು ಸೆಕೆಂಡುಗಳದು: ಕೊಳವೆ ಮತ್ತು ಉಪಕರಣದ ಅಳೆಯುವ ಸೆಲ್ಲಿನೊಳಗಿನ ಗಾಳಿ ಬದಲಾಗುವ ವೇಗ. ಎರಡನೆಯದು ನಿಮಿಷಗಟ್ಟಲೆ ಎಳೆಯುವ ಬಾಲ: ಗೋಡೆಯಿಂದ ಬಿಡಿಸಿಕೊಂಡು ಬರುತ್ತಿರುವ ಅಮೋನಿಯಾ. ಆ ಬಾಲದ ಗೆರೆಯನ್ನು ಹಿಂದಕ್ಕೆ, ತಿರುಗಿಸಿದ ಕ್ಷಣದವರೆಗೆ ಎಳೆದರೆ ಅದು ಎಷ್ಟು ಎತ್ತರದಲ್ಲಿ ಮುಟ್ಟುತ್ತದೋ ಅಷ್ಟು ಗೋಡೆಯ ಪಾಲು.

6 ಪಿಪಿಬಿಯಿಂದ ಇಳಿಸಿದಾಗ ಬಾಲದ ಗೆರೆ 0.6ಕ್ಕೆ ಮುಟ್ಟಿದರೆ ಗೋಡೆಯ ಪಾಲು ಶೇಕಡಾ 10, ಒಳ್ಳೆಯ ಇನ್ಲೆಟ್. ಕಾಲುಭಾಗ ದಾಟಿದರೆ ಕೊಳವೆ ತೊಳೆಯುವ ಅಥವಾ ಬಿಸಾಡುವ ಹೊತ್ತು. ಬಾಲದ ಕಾಲಮಾನ (ಅದು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಲು ಬೇಕಾದ ಸಮಯ) 5 ನಿಮಿಷ ಇದ್ದರೆ ಗಂಟೆಯ ಸರಾಸರಿಯನ್ನು ಧೈರ್ಯವಾಗಿ ಕೊಡಬಹುದು, ಒಂದು ನಿಮಿಷದ ಅಂಕಿಗಳನ್ನು ಕೊಡಬಾರದು, ಉಪಕರಣ ಸೆಕೆಂಡಿಗೊಂದು ಅಂಕಿ ಉಗುಳುತ್ತಿದ್ದರೂ ಸರಿ. ಕೊಳವೆ ಹೊಸತಿದ್ದಾಗ ಒಮ್ಮೆ, ಮೇಲೆ ತಿಂಗಳಿಗೊಮ್ಮೆ ಇದನ್ನು ಮಾಡಿ ಗ್ರಾಫುಗಳನ್ನು ಒಂದರ ಮೇಲೊಂದಿಟ್ಟು ನೋಡಿ. ಬಾಲ ಉದ್ದವಾಗುತ್ತ ಹೋಗುವುದು ಒಳಮೈಯಲ್ಲಿ ಧೂಳಿನ ಪೊರೆ ಕಟ್ಟುತ್ತಿರುವ ಗುರುತು.

ಪ್ಯಾಸಿವ್ ಸ್ಯಾಂಪ್ಲರ್

ವಿದ್ಯುತ್ ಬೇಡ, ಪಂಪ್ ಬೇಡ. ಪುಟ್ಟ ಡಬ್ಬಿಯ ಒಂದು ಕೊನೆಯಲ್ಲಿ ಪಿಟಿಎಫ್‌ಇ ಪೊರೆ, ಇನ್ನೊಂದು ಕೊನೆಯಲ್ಲಿ ಸಿಟ್ರಿಕ್ ಆಮ್ಲ ಹೀರಿದ ಕಾಗದ. ಮೆಥನಾಲಿನಲ್ಲಿ ಸುಮಾರು ಶೇಕಡಾ 13ರ ಸಿಟ್ರಿಕ್ ಆಮ್ಲದ ದ್ರಾವಣವನ್ನು ಕಾಗದಕ್ಕೆ ಹನಿಸಿ, ಅಮೋನಿಯಾ ಇಲ್ಲದ ಪೆಟ್ಟಿಗೆಯಲ್ಲಿ ಒಣಗಿಸುತ್ತಾರೆ. ತೆರೆದ ಮೇಜಿನ ಮೇಲೆ ಒಣಗಿಸಿದರೆ ಕಾಗದ ಹೊಲಕ್ಕೆ ಹೋಗುವ ಮೊದಲೇ ತುಂಬಿರುತ್ತದೆ. ನೈಟ್ರೈಲ್ ಕೈಗವಸು, ಚಿಮುಟ ಕಡ್ಡಾಯ.

ಪೊರೆ ಮತ್ತು ಕಾಗದದ ನಡುವಿನ ದೂರ 6 ಮಿಲಿಮೀಟರ್, ವಿಸ್ತೀರ್ಣ 3.46 ಚದರ ಸೆಂಟಿಮೀಟರ್ ಇರುವ ಸ್ಯಾಂಪ್ಲರ್ ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿ ಅಮೋನಿಯಾದ ವಿಸರಣಾಂಕ (ಗಾಳಿಯಲ್ಲಿ ತಾನಾಗಿ ಹರಡುವ ವೇಗದ ಅಳತೆ) ಸೆಕೆಂಡಿಗೆ ಸುಮಾರು 0.23 ಚದರ ಸೆಂಟಿಮೀಟರ್. ಇವುಗಳಿಂದ ಸೆಕೆಂಡಿಗೆ 1.33 ಘನ ಸೆಂಟಿಮೀಟರ್ ಗಾಳಿಯಷ್ಟು, 28 ದಿನಕ್ಕೆ 3.2 ಘನ ಮೀಟರ್ ಗಾಳಿಯಷ್ಟು ಮಾದರಿ ಸಿಗುತ್ತದೆ. ಗಾಳಿಯಲ್ಲಿ ಘನ ಮೀಟರಿಗೆ 2 ಮೈಕ್ರೋಗ್ರಾಂ ಇದ್ದರೆ ಕಾಗದದ ಮೇಲೆ 6.4 ಮೈಕ್ರೋಗ್ರಾಂ, 3 ಮಿಲಿಲೀಟರ್ ನೀರಿನಲ್ಲಿ ತೆಗೆದರೆ ಮಿಲಿಲೀಟರಿಗೆ 2.1 ಮೈಕ್ರೋಗ್ರಾಂ. ಇದು ಕಾಗದದ ಮೇಲಿನ ಲೆಕ್ಕ. ಪೊರೆಯೂ ಒಂದಿಷ್ಟು ತಡೆಯೊಡ್ಡುವುದರಿಂದ ನಿಜವಾದ ದರ ಇದಕ್ಕಿಂತ ಕಡಿಮೆ. ಪಂಪ್ ಇರುವ ಡಿನ್ಯೂಡರ್ ಪಕ್ಕದಲ್ಲಿ ಕೆಲವು ತಿಂಗಳು ಜೊತೆಗಿಟ್ಟು ತಿದ್ದುಪಡಿ ಕಂಡುಕೊಳ್ಳಲೇಬೇಕು. ಉಷ್ಣಾಂಶವನ್ನೂ ದಾಖಲಿಸಿ: 10ರಿಂದ 30 ಡಿಗ್ರಿಗೆ ಏರಿದರೆ ವಿಸರಣಾಂಕ ಸುಮಾರು ಶೇಕಡಾ 13 ಹೆಚ್ಚುತ್ತದೆ.

ಪ್ರತಿ ಜಾಗದಲ್ಲಿ ಮೂರು ಸ್ಯಾಂಪ್ಲರ್, ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಮಳೆ ಮರೆಯ ಕೆಳಗೆ, ಪೊರೆ ಕೆಳಮುಖವಾಗಿ. ಮೂರರಲ್ಲಿ ಒಂದರ ಅಂಕಿ ಉಳಿದೆರಡರಿಂದ ದೂರ ಹೋದರೆ ಪೊರೆಯ ಮೇಲೆ ಹುಳವೋ ನೀರ ಹನಿಯೋ ಇತ್ತೇ ಎಂದು ಟಿಪ್ಪಣಿ ನೋಡಿ ಬಿಡಿ. ಮೂರೂ ಚೆದುರಿದ್ದರೆ ಆ ತಿಂಗಳನ್ನೇ ಬಿಡಿ. ಜೊತೆಯಲ್ಲಿ ಹೋಗಿ ಮುಚ್ಚಳ ತೆರೆಯದೆ ವಾಪಸಾಗುವ ಮೂರು ಬ್ಲ್ಯಾಂಕುಗಳೂ ಬೇಕು. ಬ್ಲ್ಯಾಂಕುಗಳ ಪ್ರಮಾಣ ವಿಚಲನೆ 0.06 ಮೈಕ್ರೋಗ್ರಾಂ ಇದ್ದರೆ, ಅದರ ಮೂರು ಪಟ್ಟನ್ನು 3.2ರಿಂದ ಭಾಗಿಸಿ: ಘನ ಮೀಟರಿಗೆ 0.06 ಮೈಕ್ರೋಗ್ರಾಂಗಿಂತ ಕೆಳಗಿನದ್ದನ್ನು ಕಂಡೆವೆಂದು ಹೇಳುವಂತಿಲ್ಲ. ವಾಪಸು ಬಂದವನ್ನು ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿಡಿ. ಊಟದ ಡಬ್ಬಿಗಳಿರುವ ಫ್ರಿಜ್ ಬೇಡ.

ಪ್ರಯೋಗಾಲಯದಲ್ಲಿ ಇಂಡೊಫಿನಾಲ್ ವಿಧಾನಕ್ಕೆ ಫಿನಾಲ್, ಹೈಪೊಕ್ಲೋರೈಟ್, ವೇಗವರ್ಧಕವಾಗಿ ನೈಟ್ರೊಪ್ರುಸೈಡ್. ನೀಲಿ ಬಣ್ಣವನ್ನು 630–640 ನ್ಯಾನೊಮೀಟರಿನಲ್ಲಿ ಓದಿ. ಸಿಟ್ರಿಕ್ ಆಮ್ಲ ಉಳಿದಿದ್ದರೆ ಪಿಎಚ್ ತಗ್ಗಿ ಬಣ್ಣ ಪೂರ್ತಿ ಬರುವುದಿಲ್ಲ, ಆದ್ದರಿಂದ ಸ್ಟ್ಯಾಂಡರ್ಡುಗಳನ್ನೂ ಅದೇ ಸಿಟ್ರಿಕ್ ಆಮ್ಲದಲ್ಲೇ ತಯಾರಿಸಿ. ಅಯಾನ್ ಕ್ರೊಮಟೋಗ್ರಾಫಿನಲ್ಲಿ ಅಮೋನಿಯಂ ಶಿಖರ ಸೋಡಿಯಂ ಶಿಖರದ ಬೆನ್ನಿಗೇ ಬರುತ್ತದೆ. ಕರಾವಳಿಯ ಮಾದರಿಗಳಲ್ಲಿ, ಬೆವರು ತಾಗಿದ ಮಾದರಿಗಳಲ್ಲಿ ಸೋಡಿಯಂ ಉಬ್ಬಿ ಅಮೋನಿಯಂ ಅದರ ಇಳಿಜಾರಿನಲ್ಲಿ ಮುಚ್ಚಿಹೋಗುತ್ತದೆ.

ಅಂಕಿಗಳನ್ನು ಓದುವಾಗ

ಬೆಳಗಿನ ಶಿಖರ ಎಲ್ಲರನ್ನೂ ಕಾಡುತ್ತದೆ. ಸೂರ್ಯ ಏರಿದ ಎರಡು ಮೂರು ಗಂಟೆಗೆ ಅಮೋನಿಯಾ ಏರುವುದು ನಿಜವಾದ ವಿದ್ಯಮಾನವೇ: ಎಲೆಗಳ ಮೇಲಿನ ಇಬ್ಬನಿ ರಾತ್ರಿ ಕರಗಿಸಿಕೊಂಡದ್ದನ್ನು ಆವಿಯಾಗುವಾಗ ಬಿಡುತ್ತದೆ. ಆದರೆ ನಿಮ್ಮ ಇನ್ಲೆಟ್ ತುದಿಯ ಮೇಲಿನ ಇಬ್ಬನಿಯೂ ಅದೇ ಹೊತ್ತಿಗೆ ಅದನ್ನೇ ಮಾಡುತ್ತದೆ. ಬಿಡಿಸಿ ನೋಡುವ ದಾರಿ 25 ಗಂಟೆಯ ಸೊನ್ನೆಗಳಲ್ಲಿದೆ. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಬಿದ್ದ ಸೊನ್ನೆಗಳನ್ನು ಮಾತ್ರ ಆರಿಸಿ, ಮಧ್ಯಾಹ್ನದವುಗಳ ಜೊತೆ ಹೋಲಿಸಿ. ಬೆಳಗಿನ ಸೊನ್ನೆಗಳೂ ಎತ್ತರದಲ್ಲಿದ್ದರೆ ಬಿಡುತ್ತಿರುವುದು ನಿಮ್ಮ ಕೊಳವೆ.

ಒಂದೆರಡು ನಿಮಿಷದ ಚೂಪು ಶಿಖರಗಳು ಸಾಮಾನ್ಯವಾಗಿ ಉಸಿರು, ನೆಲ ಒರೆಸುವ ದ್ರಾವಣ, ಪಕ್ಕದಲ್ಲಿ ನಿಂತ ವಾಹನ. ಗಂಟೆಗಟ್ಟಲೆ ಅಲುಗದ ತಗ್ಗು ಅಂಕಿ ಕಂಡರೆ ಸಂತೋಷಪಡುವ ಮೊದಲು ಮೂರು ಕಡೆ ನೋಡಿ: ಕೊಳವೆಯಲ್ಲಿ ನೀರು ಕಟ್ಟಿದೆಯೇ, ಸೊನ್ನೆಯ ಕವಾಟ ಪೂರ್ತಿ ಮುಚ್ಚಿದೆಯೇ, ಹೀಟರಿನ ಫ್ಯೂಸ್ ಹೋಗಿದೆಯೇ. ಹೀಟರಿನ ಉಷ್ಣಾಂಶ ಮತ್ತು ಪಕ್ಕದ ಪಂಪಿನ ಹರಿವು, ಎರಡನ್ನೂ ಅಮೋನಿಯಾದ ಜೊತೆಗೇ ಅದೇ ಕಡತದಲ್ಲಿ ದಾಖಲಿಸಿ. ವರ್ಷದ ಮೇಲೆ ದತ್ತಾಂಶ ತೆರೆದಾಗ ಆ ಎರಡು ಕಾಲಂ ಇಲ್ಲದಿದ್ದರೆ ಯಾವ ತಗ್ಗು ನಿಜ, ಯಾವುದು ಹುಸಿ ಎಂದು ಹೇಳಲು ಯಾರಿಂದಲೂ ಆಗದು.

ಸೊನ್ನೆಗಿಂತ ಕೆಳಗಿನ ಅಂಕಿಗಳನ್ನು ಅಳಿಸಬೇಡಿ, ಸೊನ್ನೆ ಎಂದು ತಿದ್ದಲೂ ಬೇಡಿ. ಸ್ವಚ್ಛ ಗಾಳಿಯಲ್ಲಿ ಗದ್ದಲ ಸೊನ್ನೆಯ ಎರಡೂ ಬದಿಗೆ ಹರಡಿರುತ್ತದೆ, ಕೆಳಗಿನ ಅರ್ಧ ಕತ್ತರಿಸಿದರೆ ಸರಾಸರಿ ಮೇಲಕ್ಕೆ ಸರಿಯುತ್ತದೆ. ವರದಿಯಲ್ಲಿ ಅಂಕಿಯ ಪಕ್ಕ ಅದು ಯಾವುದರ ತೂಕ ಎಂದು ಬರೆಯಿರಿ. ಅಮೋನಿಯಂ ಎಂದು ಬಂದ ಪ್ರಯೋಗಾಲಯದ ಫಲಿತಾಂಶವನ್ನು ಅಮೋನಿಯಾ ಮಾಡಲು 0.944ರಿಂದ, ಅಮೋನಿಯಾ ಸಾರಜನಕ ಎಂದು ಬಂದದ್ದನ್ನು 1.216ರಿಂದ ಗುಣಿಸಬೇಕು. ಘನ ಮೀಟರಿನ ಅಂಕಿಗೆ ಯಾವ ಉಷ್ಣಾಂಶ, ಯಾವ ಒತ್ತಡ ಎಂಬುದೂ, ಕಾಲಮುದ್ರೆ ಸರಾಸರಿಯ ಆರಂಭದ್ದೋ ಕೊನೆಯದ್ದೋ ಎಂಬುದೂ ಅದೇ ಸಾಲಿನಲ್ಲಿ ಇರಲಿ.